ಚಳಿ ಬೀಳುವ ಮುಂಚೆ

ಉತ್ತರದ ಕಡೆಯಿಂದ ಚಳಿಗಾಳಿ ಹೊರಟಿದೆ, ಈ ವಾರದೊಳಗೆ ದಕ್ಷಿಣಕ್ಕೂ ಇಳಿಯಬಹುದು ಎಂದು ರೇಡಿಯೋ ಹೇಳಿದಾಗ ಆಸ್ಪತ್ರೆಯ ಲಾಂಡ್ರಿಯ ಹೆಂಗಸರು ತೋಳಿನಿಂದ ಹಣೆಯ ಬೆವರು ಒರೆಸಿಕೊಂಡು ನಕ್ಕರು. ಹೊರಗೆ ಕಾಲಿಡಲಾಗದಷ್ಟು ತಾರಸಿ ಕಾದಿತ್ತು. ಒಳಗೆ ಬಾಯ್ಲರಿನ ಹಬೆ, ಒದ್ದೆ ಹಾಸುಗಳ ವಾಸನೆ.

“ಬರ್ಲಿ ಬಿಡ್ರೇ, ಒಂದು ದಿನಾನಾದ್ರೂ ಮೈ ಒಣಗ್ಲಿ” ಎಂದಳು ಇಸ್ತ್ರಿ ಹಾಕುವವಳು.

ಕಂಬಳಿಯಕ್ಕ ಮಾತ್ರ ನಗಲಿಲ್ಲ. ಸೊಂಟದಲ್ಲಿದ್ದ ಬೀಗದ ಕೈ ತೆಗೆದುಕೊಂಡು ಉಗ್ರಾಣದ ಕಡೆ ನಡೆದಳು.

ಅವಳಿಗೆ ಆ ಹೆಸರು ಬಂದದ್ದು ಆ ಬೀಗದ ಕೈಯಿಂದ. ವರ್ಷಪೂರ್ತಿ ಫ್ಯಾನು ತಿರುಗುವ ಊರದು. ಆಸ್ಪತ್ರೆಯ ಕಂಬಳಿಗಳು ಉಗ್ರಾಣದ ಕತ್ತಲಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿರುತ್ತಿದ್ದವು. ಚಳಿಯ ಸುದ್ದಿ ಬಂದಾಗ ಮಾತ್ರ ಅವನ್ನು ಹೊರಗೆಳೆದು, ಕೊಡವಿ, ಒಗೆದು, ಲಾಂಡ್ರಿಯ ಹಿಂದಿನ ಹಗ್ಗಗಳ ಮೇಲೆ ಹರವುವುದು ಅವಳ ಕೆಲಸ. ಬೇರೆಯವರಿಗೆ ಅದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುವ ಧೂಳಿನ ಕೆಲಸ. ಅವಳಿಗೆ ಮಾತ್ರ ಒಂದೊಂದು ಕಂಬಳಿ ಕೊಡವುವಾಗಲೂ ಎದೆ ರೋಗದ ವಾರ್ಡು ಕಣ್ಣ ಮುಂದೆ ಬರುತ್ತಿತ್ತು.

ಊರಿನ ಒಂದು ಮಗ್ಗುಲಿಗೆ ಕಲ್ಲುಕ್ವಾರಿ. ಮೊದಲಿದ್ದ ಗುಡ್ಡ ಈಗ ಇರಲಿಲ್ಲ. ಆ ಜಾಗದಲ್ಲಿ ಹಸಿರು ನೀರು ನಿಂತ ಗುಂಡಿಯಿತ್ತು. ಗುಡ್ಡವನ್ನು ಒಡೆದ ಗಂಡಸರ ಎದೆಯೊಳಗೆ ಗುಡ್ಡದ ಧೂಳು ಉಳಿದುಕೊಂಡಿತ್ತು. ಸೆಕೆಗಾಲದಲ್ಲಿ ಅವರು ಹೇಗೋ ದಿನ ದೂಡುತ್ತಿದ್ದರು. ಜಗಲಿಯ ಮೇಲೆ ಕೂತು, ಅರ್ಧರ್ಧ ಉಸಿರು ಎಳೆದುಕೊಂಡು, ಮಾತನ್ನು ತುಂಡು ತುಂಡು ಮಾಡಿ ಆಡುತ್ತ. ಆದರೆ ಮೊದಲ ಚಳಿ ಹೇಳದೆ ಕೇಳದೆ ಒಳಗೆ ನುಗ್ಗಿಬಿಡುತ್ತಿತ್ತು. ಆ ಊರಿನ ಮನೆಗಳನ್ನು ಕಟ್ಟಿದ್ದೇ ಗಾಳಿಗಾಗಿ. ಸೂರಿನ ಕೆಳಗೆ ಉದ್ದಕ್ಕೂ ಕಿಂಡಿ, ಕಿಟಕಿಗೆ ಸರಳಷ್ಟೇ, ಕದವಿಲ್ಲ. ಸ್ವೆಟರ್ ಇದ್ದವರು ಇಡೀ ಬೀದಿಗೆ ಒಬ್ಬರೋ ಇಬ್ಬರೋ. ಚಳಿ ಬಿದ್ದ ಮಾರನೆಯ ದಿನ ವಾರ್ಡಿನಲ್ಲಿ ಹಾಸಿಗೆ ಸಾಲುತ್ತಿರಲಿಲ್ಲ. ಆ ವಾರ ಹೋದವರೆಲ್ಲ ಕ್ವಾರಿಯವರೇ.

ಅವಳ ಮನೆಯಲ್ಲೂ ಅಂಥವರೊಬ್ಬರಿದ್ದರು. ಅವಳ ಮಾವ.

ಬೀದಿಯಲ್ಲಿ ಅವರನ್ನು ಉಳಿಯಜ್ಜ ಎನ್ನುತ್ತಿದ್ದರು. ಉಳಿ ಹಿಡಿದ ಕೈ, ಹಿಡಿದ ಹಾಗೆಯೇ ಬಾಗಿ ಗಟ್ಟಿಯಾಗಿಬಿಟ್ಟಿತ್ತು; ಲೋಟ ಹಿಡಿದರೂ ಉಳಿ ಹಿಡಿದಂತೆಯೇ. ಇದ್ದೊಬ್ಬ ಮಗನನ್ನು ಅವರು ಕ್ವಾರಿಯ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಬೈದು, ಬಡಿದು, ಓದಿಸಿ, ಬಸ್ಸಿನ ಕಂಡಕ್ಟರ್ ಮಾಡಿದ್ದರು. ಆ ಮಗ ಒಂದು ಸೋಮವಾರ ಜ್ವರವೆಂದು ಮಲಗಿದವನು ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟ. “ಧೂಳು ತಿಂದೋನು ಉಳ್ಕೊಂಡೆ. ಟಿಕೆಟ್ ಹರಿದೋನು ಹೋದ” ಎಂದು ಅಜ್ಜ ಒಂದೇ ಸಲ ಹೇಳಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ.

ಸೊಸೆ ಆ ಮನೆಯಲ್ಲೇ ಉಳಿದಳು. ಇರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅಣ್ಣ ಬಂದು ಕರೆದಾಗ “ನೋಡೋಣ” ಎಂದಿದ್ದಳು. ನೋಡುತ್ತ ನೋಡುತ್ತ ವರ್ಷಗಳು ಕಳೆದಿದ್ದವು.

ರಜೆಯ ದಿನ ಅವಳು ಏಣಿ ಹಾಕಿಕೊಂಡು ಸೂರಿನ ಕಿಂಡಿಗಳಿಗೆ ಹಳೆಯ ಗೋಣಿ ತುರುಕಲು ಹತ್ತಿದಳು. ಅಜ್ಜ ಮಂಚದ ಮೇಲೆ ಕೂತು ನೋಡುತ್ತಿದ್ದರು.

“ಒಂದ್ ತೂತಾದ್ರೂ ಬಿಡು ತಾಯಿ. ಯಮ ಬಂದ್ರೆ... ಎಲ್ಲಿಂದ ಒಳಗೆ ಬರ್ಬೇಕು?”

“ಬಾಗಿಲಿಗೆ ಬಂದು ಕೇಳ್ಕೊಂಡು ಬರ್ಲಿ. ನಾನಿರ್ತೀನಲ್ಲ.”

“ನೀನಿದ್ರೆ ಅವ್ನು ಬರಲ್ಲ ಬಿಡು. ಹೆದರ್ತಾನೆ.” ಅಜ್ಜ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವಳು ಇಳಿದು ಬಂದು ಬೆನ್ನು ನೀವಿದಳು.

ಎದುರು ಮನೆಯ ಜಗಲಿಯಿಂದ ತೆರೆದ ಬಾಗಿಲೊಳಗೆ ನೋಡಿ ಮದ್ದಿನಜ್ಜ ಕೂಗಿದರು: “ಏನ್ ಹಾಗ್ ಬಗ್ಗಿದೀಯ? ಹೋದ್ಯಾ?”

ಮದ್ದಿನಜ್ಜ ಎಂದರೆ ಹೊಸಬರು ನಾಟಿ ವೈದ್ಯರೆಂದುಕೊಂಡು ಮೊಣಕಾಲು ತೋರಿಸುವುದಿತ್ತು. ಅವರು ಕೊಡುತ್ತಿದ್ದದ್ದು ಬಂಡೆಗೆ ಮದ್ದು. ಕ್ವಾರಿಯಲ್ಲಿ ಸಿಡಿಮದ್ದು ತುಂಬಿ ತುಂಬಿ ಕಿವಿ ಎರಡೂ ಹೋಗಿದ್ದವು. ಎದೆ ಅಷ್ಟಾಗಿ ಕೆಟ್ಟಿರಲಿಲ್ಲ. ಉಳಿಯಜ್ಜರಿಗೆ ಉಸಿರಿಲ್ಲ, ಮದ್ದಿನಜ್ಜರಿಗೆ ಕಿವಿಯಿಲ್ಲ. ಆದರೂ ಇಬ್ಬರೂ ಬೀದಿಯ ಆಚೆ ಈಚೆ ಕೂತು ದಿನವಿಡೀ ಮಾತಾಡುತ್ತಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಎಷ್ಟು ತಲುಪುತ್ತಿತ್ತೋ, ಯಾರೂ ವಿಚಾರಿಸಲು ಹೋಗಿರಲಿಲ್ಲ.

*

ಲಾಂಡ್ರಿಯ ಹಿಂದೆ ಬಾಯ್ಲರ್ ಮನೆ. ಅದನ್ನು ನೋಡಿಕೊಳ್ಳುವವನನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಬಾಯ್ಲರಣ್ಣ ಎಂದೇ ಕರೆಯುತ್ತಿದ್ದರು. ನಲವತ್ತು ದಾಟಿದವನು, ಮಿತಭಾಷಿ, ಹುಬ್ಬಿನ ತುದಿ ಬೆಂಕಿಗೆ ಸುಟ್ಟು ಬೋಳಾಗಿತ್ತು. ತಾಯಿಯ ಶುಶ್ರೂಷೆ ಮಾಡುತ್ತ ಮಾಡುತ್ತ ಮದುವೆಯ ವಯಸ್ಸು ದಾಟಿಸಿಕೊಂಡಿದ್ದ. ಈಗ ತಾಯಿಯೂ ಇರಲಿಲ್ಲ. ಕಂಬಳಿಯಕ್ಕನೂ ಅವನನ್ನು ಎಷ್ಟೋ ಕಾಲ ‘ಬಾಯ್ಲರಣ್ಣ, ಹಬೆ ಬಿಡು’, ‘ಬಾಯ್ಲರಣ್ಣ, ಸಾಕು’ ಎಂದೇ ಕರೆದವಳು. ಒಂದು ದಿನ ಅವಳ ಬಾಯಲ್ಲಿ ಆ ‘ಅಣ್ಣ’ ಬಿಟ್ಟುಹೋಯಿತು. “ರೀ, ಹಬೆ ಬಿಡ್ರೀ” ಎಂದಳು. ಇಸ್ತ್ರಿಯವಳು ತಲೆಯೆತ್ತಿ ನೋಡಿದಳು. ಸಂಜೆಯೊಳಗೆ ಲಾಂಡ್ರಿಗೆಲ್ಲ ಗೊತ್ತಾಯಿತು.

ಆ ವಾರ ಉಳಿಯಜ್ಜರನ್ನು ಡಾಕ್ಟರಿಗೆ ತೋರಿಸುವುದಿತ್ತು. ಡಾಕ್ಟರು ಎದೆಗೆ ಕಿವಿಗೊಟ್ಟು, “ಚಳಿ ಬೀಳೋವಾಗ ಹುಷಾರು” ಎಂದಷ್ಟೇ ಹೇಳಿದರು. ಅವರ ಮುಖ ನೋಡಿ ಸೊಸೆ ಹೆಚ್ಚು ಕೇಳಲಿಲ್ಲ. ಪಾಳಿ ಮುಗಿಯುವವರೆಗೆ ಅಜ್ಜರನ್ನು ಲಾಂಡ್ರಿಯ ಹಿಂದಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಕೆಲಸಕ್ಕೆ ಹೋದಳು. ಅಜ್ಜ ಸ್ವಲ್ಪ ಹೊತ್ತು ಕೂತಿದ್ದು, ಬಿಸಿಲು ಜಾಸ್ತಿಯಾಯಿತೆಂದು ಎದ್ದು, ಒಣಹಾಕಿದ ಕಂಬಳಿಗಳ ಸಾಲಿನ ಆಚೆ ನೆರಳಿನಲ್ಲಿ ಕೂತರು. ಅದು ಅವಳಿಗೆ ಗೊತ್ತಿರಲಿಲ್ಲ.

ಕಂಬಳಿ ತಿರುವಿಹಾಕಲು ಅವಳು ಅಲ್ಲಿಗೆ ಬಂದಾಗ ಬಾಯ್ಲರಣ್ಣ ಹಿಂದೆಯೇ ಬಂದ.

“ನಾನು ಕೇಳಿದ್ದಕ್ಕೆ ಏನೂ ಹೇಳ್ಲಿಲ್ಲ ನೀವು.”

“ಏನ್ ಹೇಳ್ಲಿ? ಮಾವನ್ನ ಬಿಟ್ಟು ಬರೋಕಾಗಲ್ಲ.”

“ಬಿಟ್ಟು ಬನ್ನಿ ಅಂತ ನಾನೆಲ್ಲಿ ಅಂದೆ? ನಾನೇ ಬರ್ತೀನಿ ಅಲ್ಲಿಗೆ. ನನ್ನ ಹಿಂದೆ ಮುಂದೆ ಯಾರಿದಾರೆ?”

“ಮಗ ಇದ್ದ ಮನೆಗೆ ಇನ್ನೊಬ್ಬರನ್ನ ಹೇಗೆ ಕರ್ಕೊಂಡು ಹೋಗ್ಲಿ ರೀ?” ಅವಳು ಕಂಬಳಿಯ ತುದಿ ಹಿಡಿದು ನಿಂತಳು. ಆಮೇಲೆ ಮೆಲ್ಲಗೆ, “ಈ ಚಳಿ ಒಂದು ಕಳೀಲಿ” ಎಂದಳು.

ಮಾತು ಹೊರಬಿದ್ದ ಮೇಲೆ ಅದರ ಅರ್ಥ ಅವಳ ಕಿವಿಗೇ ಬಿತ್ತು. ಚಳಿ ಕಳೆಯಲಿ ಎಂದರೆ ಏನು? ಚಳಿಯ ಜೊತೆ ಇನ್ನೇನು ಕಳೆಯಬೇಕು? ಅವಳ ಮುಖ ಬಿಳಿಚಿಕೊಂಡಿತು. “ನಾನು ಹಾಗೆ ಹೇಳ್ಲಿಲ್ಲ” ಎಂದಳು, ಯಾರೋ ಆಪಾದನೆ ಹೊರಿಸಿದ ಹಾಗೆ.

“ಹೇಳ್ಲಿಲ್ಲ, ಗೊತ್ತು” ಎಂದು ಅವನು ಬಾಯ್ಲರಿನ ಕಡೆ ಹೋದ.

ಕಂಬಳಿಗಳ ಆಚೆ ಉಳಿಯಜ್ಜ ಕೆಮ್ಮನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದರು. ಅವಳು ಒಳಗೆ ಹೋದ ಮೇಲೆಯೇ ಕೆಮ್ಮಿದರು.

*

ಮಾರನೆಯ ದಿನ ಸೊಸೆ ಕೆಲಸಕ್ಕೆ ಹೋಗುವವರೆಗೆ ಕಾದು ಅಜ್ಜ ಬೀದಿ ದಾಟಿದರು. ಆ ನಾಲ್ಕು ಹೆಜ್ಜೆಗೆ ನಡುವೆ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಗೆಳೆಯನ ಪಕ್ಕ ಕೂತು, ಕಿವಿಗೆ ಬಾಯಿ ಹಚ್ಚಿ, ಗುಟ್ಟಾಗಿ ಹೇಳಿದರು.

“ಏನು?” ಎಂದರು ಮದ್ದಿನಜ್ಜ.

“ಮದುವೆ... ಮಾಡ್ಬೇಕು.”

“ಯಾರಿಗೆ? ನಿನಗಾ?” ಆ ಕೂಗಿಗೆ ಬೀದಿಯ ತುದಿಯ ಅಂಗಡಿಯವನು ಹೊರಗೆ ಇಣುಕಿದ.

“ಥೂ ನಿನ್ನ. ಸೊಸೆಗೆ ಕಣೋ... ಸೊಸೆಗೆ.”

“ಸೊಸೆಗಾ! ಯಾರ ಜೊತೆ?”

“ಬಾಯ್ಲರು...”

“ಟೈಲರಾ? ಯಾವ ಟೈಲರು? ಆ ಕುಂಟನಾ? ಅವ್ನಿಗೆ ಮದುವೆ ಆಗಿದೆಯಲ್ಲೋ!”

ಹೀಗೆ ಆ ಗುಟ್ಟು ಮಧ್ಯಾಹ್ನದೊಳಗೆ ಇಡೀ ಬೀದಿಗೆ ತಲುಪಿತು. ಟೈಲರನ ಹೆಂಡತಿ ಬಂದು ಜಗಳವಾಡಿ ಹೋದಳು. ಸಂಜೆ ಕಂಬಳಿಯಕ್ಕ ಬಸ್ಸಿಳಿದು ಬರುವಾಗ ಬಾಗಿಲುಗಳಲ್ಲಿ ನಿಂತ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಒಬ್ಬಳು “ಒಳ್ಳೇದಾಯ್ತು ಬಿಡಮ್ಮ” ಎಂದಳು. ಇನ್ನೊಬ್ಬಳು ಮುಖ ತಿರುವಿದಳು.

ಅವಳು ಚೀಲವನ್ನು ನೆಲಕ್ಕೆ ಕುಕ್ಕಿದಳು. “ಏನ್ ಮಾವ ಇದು? ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ ನಾನು?”

“ಎತ್ಕೊಂಡೇ ಓಡಾಡ್ಲಿ ಅಂತಾನೇ... ಮಾಡಿದ್ದು. ಕೂತ್ಕೋ.”

“ಕೂರಲ್ಲ. ಯಾರ್ ಹೇಳಿದ್ರು ನಿಮಗೆ?”

“ನೀನೇ. ಕಂಬಳಿ ಆಚೆ... ನಾನಿದ್ದೆ.”

ಅವಳ ಸಿಟ್ಟು ಅಲ್ಲೇ ನಿಂತುಹೋಯಿತು. ಮೆಲ್ಲಗೆ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಳು. “ಆಣೆ ಮಾಡಿ ಹೇಳ್ತೀನಿ ಮಾವ, ನಾನು ಹಾಗಂದ್ಕೊಂಡು...” ಮುಂದೆ ಹೇಳಲಾಗದೆ ಅತ್ತಳು.

ಅಜ್ಜ ಅಳು ಮುಗಿಯಲು ಬಿಟ್ಟರು. ಆಮೇಲೆ ಉಸಿರು ಕೂಡಿಸಿಕೊಂಡು ಕೂಡಿಸಿಕೊಂಡು, ನಿಧಾನವಾಗಿ, ಅವರ ಜೀವಮಾನದಲ್ಲೇ ಉದ್ದದ ಮಾತಾಡಿದರು.

“ಅಂದ್ಕೊಂಡಿದ್ರೂ ತಪ್ಪಿಲ್ಲಮ್ಮ. ನಾನೂ ಅದನ್ನೇ ಕಾಯ್ತಾ ಇದೀನಿ. ಈ ಬೀದಿ ಪೂರ್ತಿ ಅದನ್ನೇ ಕಾಯುತ್ತೆ, ಚಳಿ ಬರ್ಲಿ, ಯಾರ್ಯಾರು ಹೋಗ್ತಾರೆ ನೋಡೋಣ ಅಂತ. ಆದ್ರೆ ಕೇಳು. ನಾನು ಹೋದ್ಮೇಲೆ ನೀನು ಮದುವೆ ಆದೆ ಅಂತಿಟ್ಕೋ. ಜನ ಏನಂತಾರೆ? ಮುದುಕ ಸಾಯ್ಲಿ ಅಂತ ಕಾಯ್ತಿದ್ಲು ಅಂತಾರೆ. ಜನ ಹಾಳಾಗ್ಲಿ. ನೀನೇ ಅಂದ್ಕೋತೀಯ. ವರ್ಷ ವರ್ಷ ಚಳಿ ಬಂದಾಗೆಲ್ಲ ಅಂದ್ಕೋತೀಯ. ಇಷ್ಟು ವರ್ಷ ನನಗೆ ಊಟ ಹಾಕಿದೀಯ, ಬೆನ್ನು ನೀವಿದೀಯ, ಅದೆಲ್ಲ ಒಂದೇ ಮಾತಲ್ಲಿ ತೊಳ್ಕೊಂಡು ಹೋಗುತ್ತೆ. ಬೇಡ. ನಾನಿರೋವಾಗ್ಲೇ ಆಗ್ಲಿ. ಚಳಿ ಬೀಳೋಕೆ ಮುಂಚೆ.”

ಮಾತು ಮುಗಿದ ಮೇಲೆ ತುಟಿ ನೀಲಿಗಟ್ಟಿತ್ತು. ಅವಳು ನೀರು ತಂದು ಕುಡಿಸಿದಳು. ಲೋಟ ಕೆಳಗಿಡುತ್ತ, “ಮಗನ ಫೋಟೋ ಗೋಡೆ ಮೇಲೇ ಇರ್ಲಿ. ಅಷ್ಟೇ ನನ್ನದು” ಎಂದರು.

*

ಬಾಯ್ಲರಣ್ಣ ಬಂದ ದಿನ ಒಗೆದ ಅಂಗಿ ಹಾಕಿಕೊಂಡು, ತಲೆ ಒತ್ತಿ ಬಾಚಿಕೊಂಡು ಬಂದಿದ್ದ. ಅಜ್ಜ ಅವನನ್ನು ಕಲ್ಲು ಪರೀಕ್ಷೆ ಮಾಡುವವರಂತೆ ಮೇಲಿಂದ ಕೆಳಗೆ ನೋಡಿದರು.

“ಹೊಗೆ ಸೇದ್ತೀಯಾ?”

“ಇಲ್ಲ ಯಜಮಾನ್ರೇ. ಕೆಲಸದಲ್ಲೇ ಸಾಕಷ್ಟು ಕುಡೀತೀನಿ.”

“ಗೊರಕೆ?”

“ಅದು... ನನಗೆ ಗೊತ್ತಿಲ್ಲ. ಹೇಳೋಕೆ ಮನೇಲಿ ಯಾರೂ ಇರ್ಲಿಲ್ಲ.”

ಅಜ್ಜ ತಲೆಯಾಡಿಸಿದರು. ಆ ಉತ್ತರ ಅವರಿಗೆ ಹಿಡಿಸಿತೆಂದು ಒಳಗೆ ನಿಂತ ಸೊಸೆಗೆ ಗೊತ್ತಾಯಿತು.

ನೋಂದಣಿ ಕಚೇರಿಗೆ ಹೋದರೆ ಅಲ್ಲೊಂದು ತೊಡಕು. ಅರ್ಜಿ ಕೊಟ್ಟ ಮೇಲೆ ಹೆಸರುಗಳನ್ನು ಕೆಲವು ವಾರ ಗೋಡೆಗೆ ಅಂಟಿಸಿಡಬೇಕು, ಯಾರದೂ ಆಕ್ಷೇಪಣೆ ಇಲ್ಲವೆಂದಾದ ಮೇಲೆಯೇ ಮದುವೆ, ಅದೇ ಕಾನೂನು ಎಂದರು. ಸುದ್ದಿ ಕೇಳಿ ಉಳಿಯಜ್ಜ ಮೊದಲ ಬಾರಿಗೆ ಹೆದರಿದರು. ಚಳಿ ಈ ವಾರವೇ ಎಂದು ರೇಡಿಯೋ ಹೇಳಿತ್ತು.

ಅಂದಿನಿಂದ ಅವರ ಬದುಕು ಬದಲಾಯಿತು. ಇಷ್ಟು ದಿನ ಕೊಟ್ಟರೆ ನುಂಗುವುದು, ಕೊಡದಿದ್ದರೆ ಸುಮ್ಮನಿರುವುದು ಎನ್ನುವಂತಿದ್ದವರು ಈಗ ಗುಳಿಗೆಯನ್ನು ತಾವೇ ಕೇಳಿ ನುಂಗಿದರು. ಬಿಸಿನೀರಿನ ಹಬೆಗೆ ಮುಖ ಕೊಟ್ಟು ಕೂತರು. ಬೆಳಗಾದರೆ ಬಾಗಿಲಿಂದ ಕೈ ಹೊರಗೆ ಚಾಚಿ ಗಾಳಿ ಮುಟ್ಟಿ ನೋಡುವರು. ಬೆಚ್ಚಗಿದ್ದರೆ ಎದುರುಮನೆಗೆ ಕೈಸನ್ನೆ ಮಾಡುವರು. ಮದ್ದಿನಜ್ಜ ಅಲ್ಲಿಂದಲೇ “ಇವತ್ತಿಲ್ಲ!” ಎಂದು ಬೀದಿಗೆಲ್ಲ ಸಾರುವರು. ಸಂಜೆ ರೇಡಿಯೋಗೆ ಕಿವಿ ಹಚ್ಚಿ, ಹವಾಮಾನ ಹೇಳುವ ಹೆಂಗಸಿನ ಜೊತೆ ಅಜ್ಜ ಮಾತಿಗಿಳಿಯುವರು. “ಇನ್ನೊಂದ್ ಸ್ವಲ್ಪ ತಡೀ ತಾಯಿ. ಅವಸರ ಏನಿದೆ ನಿನಗೆ?”

ಆ ವರ್ಷ ಚಳಿ ಅವರ ಮಾತು ಕೇಳಿತೋ ಏನೋ. ಹೊರಟಿದ್ದ ಗಾಳಿ ದಾರಿಯಲ್ಲೇ ಸಮುದ್ರದ ಕಡೆ ತಿರುಗಿಕೊಂಡಿತೆಂದು ಸುದ್ದಿ ಬಂತು. ಮತ್ತೆ ಸೆಕೆ. ಲಾಂಡ್ರಿಯ ಮೇಲ್ವಿಚಾರಕರು ಕಂಬಳಿಗಳನ್ನು ಮತ್ತೆ ಒಳಗಿಡಿಸೋಣವೇ ಎಂದರು. ಕಂಬಳಿಯಕ್ಕ ಬೇಡವೆಂದಳು. ಬರುವುದು ತಪ್ಪುವುದಿಲ್ಲ, ತಡವಾಗಿದೆ ಅಷ್ಟೇ ಎಂದು ಅವಳಿಗೆ ಗೊತ್ತಿತ್ತು.

ಗಡುವು ಮುಗಿದ ಬೆಳಿಗ್ಗೆ ಇಬ್ಬರೂ ಅಜ್ಜಂದಿರನ್ನೂ ಮೂರನೆಯ ಸಾಕ್ಷಿಯಾಗಿ ಇಸ್ತ್ರಿಯವಳನ್ನೂ ಕರೆದುಕೊಂಡು ಅವರು ಕಚೇರಿಗೆ ಹೋದರು. ಅದಿದ್ದದ್ದು ಮಹಡಿಯ ಮೇಲೆ. ಅಜ್ಜ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ಗುಡ್ಡ ಹತ್ತಿಳಿದ ಕಾಲು, ಒಂದು ಮಹಡಿಗೆ ಸೋತಿತ್ತು. ಬಾಯ್ಲರಣ್ಣ ಅವರ ಮುಂದೆ ಬೆನ್ನು ಬಗ್ಗಿಸಿ ಕೂತ. ಅಜ್ಜ ಒಂದು ಕ್ಷಣ ಸೊಸೆಯ ಮುಖ ನೋಡಿದರು. ಆಮೇಲೆ ಅವನ ಕೊರಳಿಗೆ ಕೈ ಹಾಕಿದರು. ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ್ದ ಮನುಷ್ಯ, ಈಗ ಕಣ್ಣು ಮುಚ್ಚಿಕೊಂಡು ಇನ್ನೊಬ್ಬನ ಬೆನ್ನೇರಿ ಮಹಡಿಗೆ ಹೋದರು. ಹಿಂದೆ ಬರುತ್ತಿದ್ದ ಅವಳಿಗೆ ಮಾವನ ಅಂಗಾಲುಗಳು ಕಾಣುತ್ತಿದ್ದವು, ಒಡೆದು ಬೆಳ್ಳಗಾದ ಎರಡು ಅಂಗಾಲು. ಆ ದಿನದ ಮಿಕ್ಕಿದ್ದೆಲ್ಲ ಮರೆತರೂ ಅದನ್ನು ಅವಳು ಮರೆಯಲಿಲ್ಲ.

ಸಾಕ್ಷಿಗೆಂದು ಬಂದಿದ್ದ ಮದ್ದಿನಜ್ಜ ಅಧಿಕಾರಿ “ಇಲ್ಲಿ ಸಹಿ ಮಾಡಿ” ಎಂದಾಗಲೆಲ್ಲ “ಚೆನ್ನಾಗಿದೀನಿ ಸ್ವಾಮಿ” ಎನ್ನುತ್ತಿದ್ದರು. ಕೊನೆಗೆ ಉಳಿಯಜ್ಜ ಅವರ ಕೈ ಹಿಡಿದು ಜಾಗ ತೋರಿಸಿದರು. ಕೆಳಗಿಳಿದು ಬಂದು ಎಲ್ಲರೂ ರಸ್ತೆ ಬದಿಯ ಅಂಗಡಿಯಲ್ಲಿ ಚಹಾ ಕುಡಿದರು. ಅಂಗಡಿಯ ಶೀಟಿನ ಕೆಳಗೆ ಸೆಕೆಗೆ ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿತ್ತು. “ಗೆದ್ದೆ” ಎಂದರು ಉಳಿಯಜ್ಜ. ಯಾರ ಮೇಲೆ ಎಂದು ಯಾರೂ ಕೇಳಲಿಲ್ಲ.

*

ಚಳಿ ಬಂದದ್ದು ಅದೇ ವಾರದ ಕೊನೆಗೆ, ನಸುಕಿನಲ್ಲಿ.

ಬಾಗಿಲು ತೆಗೆಯಲು ಹೋದ ಕಂಬಳಿಯಕ್ಕನ ಬೆರಳಿಗೆ ಚಿಲಕದ ಕಬ್ಬಿಣ ಕೊರೆಯಿತು. ಹೊರಗೆ ಬೀದಿ ನಿಶ್ಶಬ್ದವಾಗಿತ್ತು. ನಾಯಿಗಳು ಅಂಗಡಿಯ ಬೂದಿಗುಡ್ಡೆಯಲ್ಲಿ ಒಂದರ ಮೇಲೊಂದು ಮುದುಡಿಕೊಂಡಿದ್ದವು. ಉಸಿರು ಬಾಯಿಂದ ಬೆಳ್ಳಗೆ ಬಂತು. ಅವಳು ಬಾಗಿಲನ್ನು ತಟ್ಟನೆ ಮುಚ್ಚಿ ಒಳಗೆ ಓಡಿದಳು. ಮಾವ ಎಚ್ಚರವಾಗಿದ್ದರು.

“ಬಂತಾ?”

“ಬಂತು.”

“ಬರ್ಲಿ” ಎಂದು ಹೊದಿಕೆ ಕತ್ತಿನವರೆಗೆ ಎಳೆದುಕೊಂಡರು. ಆಮೇಲೆ, “ಎದುರುಮನೆಯೋನನ್ನ ಇಲ್ಲಿಗೆ ಕರ್ಕೊಂಡು ಬನ್ನಿ. ಅವನ ಮನೇಲಿ ಕಿಂಡಿ ಹಾಗೇ ಇವೆ” ಎಂದರು.

ಬಾಯ್ಲರಣ್ಣ ಹೋಗಿ ಬಂದ. ಮದ್ದಿನಜ್ಜ ಬರಲಿಲ್ಲ. ಎದೆ ಕೆಟ್ಟಿರುವುದು ಅವನದ್ದು, ನನಗೇನಾಗಿದೆ, ನನ್ನ ಹಾಸಿಗೆ ಬಿಟ್ಟು ಬೇರೆಲ್ಲೂ ನಿದ್ದೆ ಬರುವುದಿಲ್ಲ ಎಂದು ಗದರಿಸಿ ಕಳಿಸಿದ್ದರು. ಬಾಯ್ಲರಣ್ಣ ತನ್ನ ಕೋಟನ್ನು ಅವರ ಮೇಲೆ ಹಾಕಿ ಬಂದಿದ್ದ. ಸಂಜೆ ಅವಳೇ ಹೋಗಿ ಕರೆದಳು. “ನಾಳೆ ನೋಡೋಣಮ್ಮ” ಎಂದರು.

ಮೂರನೆಯ ಬೆಳಿಗ್ಗೆ ಎದೆ ವಾರ್ಡಿಗೆ ಕಂಬಳಿಯ ಗಾಡಿ ತಳ್ಳಿಕೊಂಡು ಹೋದ ಕಂಬಳಿಯಕ್ಕ ಹಾಸಿಗೆಯಿಂದ ಹಾಸಿಗೆಗೆ ಹೊದೆಸುತ್ತ ಬಂದು ಒಂದು ಹಾಸಿಗೆಯ ಹತ್ತಿರ ನಿಂತುಬಿಟ್ಟಳು. ಬಾಯ್ಲರಣ್ಣನ ಕೋಟು ಹೊದ್ದು ಮದ್ದಿನಜ್ಜ ಮಲಗಿದ್ದರು. ಅವಳು ಕೆಲಸಕ್ಕೆ ಹೊರಟ ಮೇಲೆ ಬೀದಿಯವರು ಆಟೋದಲ್ಲಿ ತಂದು ಸೇರಿಸಿದ್ದರು. ನ್ಯುಮೋನಿಯಾ ಎಂದಳು ನರ್ಸು. ಮದ್ದಿನಜ್ಜ ಕಣ್ಣು ತೆರೆದು ಅವಳ ಗುರುತು ಹಿಡಿದರು.

“ಅವನಿಗೆ ಹೇಳ್ಬೇಡ” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. “ಬೈತಾನೆ.”

ಅವಳು ಎರಡು ಕಂಬಳಿ ಹೊದೆಸಿದಳು. ಕಾಲ ಕಡೆ ಮಡಚಿ ಸಿಕ್ಕಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಬಂದು ನೋಡಿದರೆ ಆ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ಸುದ್ದಿಯನ್ನು ಮಾವನಿಗೆ ಹೇಗೆ ಹೇಳುವುದೆಂದು ಬಸ್ಸಿನ ಉದ್ದಕ್ಕೂ ಯೋಚಿಸಿಕೊಂಡು ಬಂದಳು. ಹೇಳಬೇಕಾಗಲಿಲ್ಲ. ಎದುರುಮನೆಯ ಮುಂದೆ ಜನ ಸೇರಿದ್ದರು. ಅಜ್ಜ ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದರು, ಮೈತುಂಬ ಹೊದ್ದು, ಬಾಯಿಗೆ ಬಟ್ಟೆ ಕಟ್ಟಿಕೊಂಡು.

“ಒಳಗೆ ಬನ್ನಿ ಮಾವ. ಗಾಳಿ.”

“ಅವನೆದೆ ಗಟ್ಟಿಯಿತ್ತು” ಎಂದರು ಅಜ್ಜ. “ನಂದು ಕೆಟ್ಟಿದ್ದು. ಅವಂದು ಗಟ್ಟಿಯಿತ್ತು.” ಅದನ್ನೇ ಮತ್ತೆ ಮತ್ತೆ ಹೇಳಿದರು. ಬಾಯ್ಲರಣ್ಣ ಹೆಗಲು ಹಿಡಿದು ಒಳಗೆ ಕರೆತಂದು ಮಲಗಿಸಿದ.

ಮಣ್ಣಿಗೆ ಹೋಗುತ್ತೇನೆಂದು ಅವರು ಹಟ ಹಿಡಿಯುತ್ತಾರೆಂದು ಇಬ್ಬರೂ ಹೆದರಿದ್ದರು. ಹಿಡಿಯಲಿಲ್ಲ. “ನೀನು ಹೋಗು. ನನ್ನ ಕಡೆಯಿಂದ ಹೆಗಲು ಕೊಡು” ಎಂದು ಬಾಯ್ಲರಣ್ಣನನ್ನು ಕಳಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಚಳಿ ಇಳಿಯುವವರೆಗೂ ಬಹುಪಾಲು ಹಾಗೆಯೇ ಇದ್ದರು. ಅವಳು ಎದೆಗೆ ಎಣ್ಣೆ ತಿಕ್ಕಿದಳು, ಹಬೆ ಕೊಟ್ಟಳು. ಅವನು ಕೆಲಸದಿಂದ ಬರುವಾಗ ಬಾಯ್ಲರಿನ ಬಳಿ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದು ಅಜ್ಜರ ಕಾಲ ಬಳಿ ಇಡುತ್ತಿದ್ದ. ಅಜ್ಜ ಬೇಡವೆನ್ನಲಿಲ್ಲ. ಬದುಕಬೇಕೆಂಬ ಆಸೆಯಿಂದಲೋ, ಅವರಿಬ್ಬರ ಮನಸ್ಸು ನೋಯಿಸಬಾರದೆಂದೋ, ಹೇಳುವುದು ಕಷ್ಟ.

ಒಂದು ಬೆಳಿಗ್ಗೆ ಗಾಳಿ ಮೆತ್ತಗಾಯಿತು. ಬೀದಿಯಲ್ಲಿ ಮಕ್ಕಳ ಗಲಾಟೆ ಶುರುವಾಯಿತು. ಅಜ್ಜ ಎದ್ದು ಜಗಲಿಗೆ ಬಂದು ಕೂತರು. ಎದುರುಮನೆಗೆ ಬೀಗ. ಬಹಳ ಹೊತ್ತು ಆ ಕಡೆಯೇ ನೋಡುತ್ತಿದ್ದು, ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದ ಬಾಯ್ಲರಣ್ಣನಿಗೆ ಹೇಳಿದರು: “ನಾನು ಮಾತಾಡಿದ್ದು... ಅವನಿಗೆ ಒಂದೂ ಕೇಳ್ತಿರ್ಲಿಲ್ಲ ಕಣಪ್ಪ. ಅದಕ್ಕೇ ಎಲ್ಲ ಹೇಳ್ತಿದ್ದೆ.”

ಬಾಯ್ಲರಣ್ಣ ಪಕ್ಕದಲ್ಲಿ ಕೂತ. “ನನಗೂ ಬಾಯ್ಲರ್ ಸದ್ದಿಗೆ ಕಿವಿ ಸ್ವಲ್ಪ ಮಂದಾನೇ” ಎಂದ.

ಅಜ್ಜ ಅವನ ಮುಖವನ್ನು ನೋಡಿದರು. ನಗಲಿಲ್ಲ, ಆದರೆ ಚಹಾ ತೆಗೆದುಕೊಂಡರು.

ಅಜ್ಜ ಆ ಚಳಿಗಾಲ ದಾಟಿದರು. ಬೇಸಿಗೆಯನ್ನೂ ಬಹುಪಾಲು ಕಂಡರು. ಮಳೆ ಇನ್ನೇನು ಬರಬೇಕು ಎನ್ನುವ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಅಂದು ಡಾಕ್ಟರು ಎಚ್ಚರಿಸಿರಲಿಲ್ಲ, ರೇಡಿಯೋ ಏನೂ ಹೇಳಿರಲಿಲ್ಲ, ಬೀದಿಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಕಂಬಳಿಯಕ್ಕ ಲಾಂಡ್ರಿಯಲ್ಲಿ ಹಾಸು ಮಡಚುತ್ತಿದ್ದಳು. ರಜೆ ಹಾಕಿ ಮನೆಯಲ್ಲಿದ್ದ ಬಾಯ್ಲರಣ್ಣ ಓಡಿಬಂದು ಬಾಗಿಲಲ್ಲಿ ನಿಂತಾಗಲೇ ಅವಳಿಗೆ ತಿಳಿಯಿತು. ಕೈಯಲ್ಲಿದ್ದ ಹಾಸನ್ನು ಇಸ್ತ್ರಿಯವಳಿಗೆ ಕೊಟ್ಟು, ಅಲ್ಲೇ ಕುಸಿದು ಕೂತು, ತಂದೆಯನ್ನು ಕಳೆದುಕೊಂಡ ಮಗಳು ಅಳುವ ಹಾಗೆ ಗಟ್ಟಿಯಾಗಿ ಅತ್ತಳು. ಆ ಅಳುವಿನಲ್ಲಿ ಬೇರೆ ಏನೂ ಬೆರೆತಿರಲಿಲ್ಲ.